ರಾಣಿಯ ಮಡಿಲಕ್ಕಿ

ಮೈಸೂರಿನಿಂದ ಚೆನ್ನೈಗೆ ಬಂದ ಮೇಲೆ ನಾನು ಮಾಡಿದ ಒಂದೇ ಘನಕಾರ್ಯವೆಂದರೆ ಬೊಂಬೆಗಳಿಗೆ ಬಟ್ಟೆ ಹೊಲಿದದ್ದು. ದಸರಾ ಬಂತೆಂದರೆ ನಮ್ಮ ಮನೆಯ ಪಟ್ಟದ ಬೊಂಬೆಗಳಿಗೆ, ಅಂದರೆ ಮರದ ರಾಜ ರಾಣಿಯರಿಗೆ, ಜರಿ ಪಂಚೆ, ರೇಷ್ಮೆ ಸೀರೆ, ಮುತ್ತಿನ ಕಿರೀಟ ಎಲ್ಲ ನನ್ನ ಕೈಯಿಂದಲೇ ಆಗಬೇಕು. ನೋಡಿದ ನೆಂಟರು ತಮ್ಮ ಬೊಂಬೆಗೂ ಮಾಡಿಕೊಡು ಎಂದರು. ಮಾಡಿಕೊಟ್ಟೆ. ಬಾಯ್ತುಂಬ ಹೊಗಳಿ, ಕಾಫಿ ಕುಡಿದು ಹೋದರು. ಹೊಗಳಿಕೆಗೆ ಸೌಕಾರ್‌ಪೇಟೆಯ ಬಟ್ಟೆ ಅಂಗಡಿಗಳಲ್ಲಿ ಯಾರೂ ಜರಿ ಅಂಚು ಕೊಡುವುದಿಲ್ಲ. ಹಾಗಾಗಿ ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ತೆರೆದು, ನಿಮ್ಮ ಬೊಂಬೆ ಕಳಿಸಿ, ಅಳತೆಗೆ ಹೊಲಿದು ಉಡಿಸಿ ಕೊಡುತ್ತೇನೆ ಎಂದು ಹಾಕಿದೆ.

ನನ್ನ ಗಂಡ ಶ್ರೀನಾಥ್ ಬ್ಯಾಂಕಿನವರು, ಎಲ್ಲಕ್ಕೂ ಗಡುವು ಬೇಕು. ಈ ದಸರೆಯಲ್ಲಿ ಹೊರಗಿನ ಗಿರಾಕಿ ಒಬ್ಬರಾದರೂ ಮೆಚ್ಚಿದರೆ ಮುಂದುವರಿಸುವುದು, ಇಲ್ಲದಿದ್ದರೆ ಅವರ ಸ್ನೇಹಿತರ ವಿಮೆ ಕಚೇರಿಯಲ್ಲಿ ಕೆಲಸಕ್ಕೆ ಸೇರುವುದು ಎಂದು ಮಾತಾಯಿತು. ಆ ಕಚೇರಿಯನ್ನು ನೆನೆದರೇ ನನಗೆ ಆಕಳಿಕೆ ಬರುತ್ತಿತ್ತು.

ಕೊನೆಗೂ ಬೆಸೆಂಟ್ ನಗರದ ಹರಿಪ್ರಿಯಾ ಎಂಬ ಹೊಸ ಮದುಮಗಳು ತನ್ನ ಜೋಡಿಯನ್ನು ಕಳಿಸಿದಳು. ಮದುವೆಯಲ್ಲಿ ಅವಳ ತಾಯಿ ಕೊಟ್ಟ ಬೊಂಬೆಗಳು. ಪಾಡ್ಯದ ಬೆಳಿಗ್ಗೆ ತಾನೇ ಬಂದು ಒಯ್ದು, ಅವತ್ತೇ ಮನೆಯಲ್ಲಿ ಕೂರಿಸುವೆನೆಂದಳು. ಊಟ ನಿದ್ದೆ ಬಿಟ್ಟು ಹೊಲಿದೆ. ಅಮಾವಾಸ್ಯೆಯ ಸಂಜೆ ಉಡಿಸಿ, ಪೆಟ್ಟಿಗೆಯಲ್ಲಿ ಮಲಗಿಸಿ ಮುಚ್ಚಳ ಹಾಕಿದೆ.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ಪೆಟ್ಟಿಗೆ ಖಾಲಿ. ಹರಿಪ್ರಿಯಾಳ ರಾಜ ರಾಣಿ ನಮ್ಮ ಮನೆಯ ಹಲಗೆಯ ಮೇಲೆ, ಕಲಶದ ಪಕ್ಕದಲ್ಲಿ ಗತ್ತಿನಿಂದ ನಿಂತಿದ್ದರು. ನಮ್ಮತ್ತೆ ಅಂಬುಜಮ್ಮ ಆರತಿಯನ್ನೂ ಎತ್ತಿ ಮುಗಿಸಿದ್ದರು.

"ಹಬ್ಬದ ದಿನ ಉಟ್ಟು ತೊಟ್ಟು ನಿಂತಿರಬೇಕಾದವರನ್ನ ರಟ್ಟಿನ ಪೆಟ್ಟಿಗೇಲಿ ಮಲಗಿಸಿದ್ದೀಯಲ್ಲೇ! ಬೊಂಬೆ ಮಲಗೋದು ದಶಮಿ ರಾತ್ರಿ. ನನಗೆ ನೋಡೋಕಾಗ್ಲಿಲ್ಲ," ಎಂದರು.

ಅವು ಗಿರಾಕಿಯವು ಎಂದೆ. ಗೊತ್ತು ಎಂದರು. ಹಾಗಾದರೆ ಎತ್ತಿಕೊಡಿ ಎಂದೆ. ಅಲ್ಲಿ ಅವರ ಮುಖ ಸಣ್ಣದಾಯಿತು. ಪಟ್ಟಕ್ಕೆ ಕೂರಿಸಿ ಆರತಿ ಮಾಡಿದ ಮೇಲೆ ದಶಮಿಯವರೆಗೆ ಅಲುಗಿಸುವಂತಿಲ್ಲ. ಆತುರದಲ್ಲಿ ಅದು ಹೊಳೆದಿರಲಿಲ್ಲವಂತೆ. ನನಗೆ ಸಿಟ್ಟು ನೆತ್ತಿಗೇರಿತು. ನನ್ನ ವ್ಯಾಪಾರಕ್ಕೂ ಆರತಿ ಎತ್ತಿ ಮುಗಿಸಿದಿರಿ ಎಂದುಬಿಟ್ಟೆ. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದಾಯಿತು.

ಹರಿಪ್ರಿಯಾ ಒಳಗೆ ಬಂದು ಬೊಂಬೆಗಳನ್ನು ನೋಡಿ ಅರಳಿದಳು. ನಾನು ತೊದಲುತ್ತಾ ವಿಷಯ ಹೇಳಿದೆ. ಬೇಕಾದರೆ ನಮ್ಮ ಜೋಡಿಯನ್ನೇ ಕೊಡೋಣವೆಂದರೆ ಅದೂ ಅಲ್ಲೇ ಕೂತಾಗಿತ್ತು. ಹುಡುಗಿ ಜಗಳವಾಡಿದ್ದರೆ ಚೆನ್ನಾಗಿರುತ್ತಿತ್ತು. ಕಣ್ಣು ತುಂಬಿಕೊಂಡು ನಿಂತಳು.

"ಪರವಾಯಿಲ್ಲ ಮಾಮಿ. ಆದ್ರೆ ನಮ್ ಮನೇಲಿ ಇದೇ ಫಸ್ಟ್ ಗೊಲು, ಫಸ್ಟ್ ಬೊಂಬೆ ಹಬ್ಬ. ಅಮ್ಮ ನಾಳೆ ಪಾಕ್ಕ... ನೋಡೋಕೆ ಬರ್ತಾರೆ," ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿದಳು.

ಅತ್ತೆ ಅವಳನ್ನೊಮ್ಮೆ ರಾಣಿಯನ್ನೊಮ್ಮೆ ನೋಡಿದರು. ಒಳಗೆ ಹೋಗಿ, ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ ತಂದರು.

"ಮನೆಮಗಳು ತವರಿಗೆ ಬಂದಿದ್ದಳು ಅಂದ್ಕೊಳ್ಳೋಣ. ಹಬ್ಬದಲ್ಲಿ ಮಗಳನ್ನ ಗಂಡನ ಜೊತೆ ಕಳಿಸೋಕೆ ಯಾವ ಶಾಸ್ತ್ರ ಅಡ್ಡ ಬರುತ್ತೆ? ಬರಿಗೈಲಿ ಕಳಿಸಬಾರದು, ಅಷ್ಟೇ."

ಚಿಟಿಕೆ ಅಕ್ಕಿ, ಬೆಲ್ಲದ ಚೂರನ್ನು ರಾಣಿಯ ಸೆರಗಿಗೆ ಕಟ್ಟಿದರು. ನಾನು ಹೊಲಿದ ಸೆರಗು ಮೊದಲ ಸಲ ಕೆಲಸಕ್ಕೆ ಬಂತು. ಆಮೇಲೆ ಹರಿಪ್ರಿಯಾಳನ್ನು ಕೂರಿಸಿ ಅವಳ ಮಡಿಲನ್ನೂ ತುಂಬಿದರು. ಪೆಟ್ಟಿಗೆಯನ್ನು ಮಾತ್ರ ಮುಟ್ಟಗೊಡಲಿಲ್ಲ. ಹುಡುಗಿ ಆಟೋದಲ್ಲಿ ರಾಜ ರಾಣಿಯರನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಹೋದಳು.

ಸಂಜೆ ರಾಣಿಯ ಸೆರಗಿನ ಗಂಟಿನ ಕತೆ ಬರೆದು ಅವಳು ಹಾಕಿದ ಚಿತ್ರವನ್ನು ಯಾರ್ಯಾರೋ ಹಂಚಿಕೊಂಡರು. ಫೋನು ಬಿಡುವಿಲ್ಲದೆ ಗುಂಯ್ಗುಟ್ಟಿತು. ಮುಂದಿನ ವರ್ಷಕ್ಕೆ ಈಗಲೇ ಹೆಸರು ಬರೆದುಕೊಳ್ಳಿ ಎಂದವರೆಲ್ಲ ಕೇಳಿದ್ದು ಒಂದೇ: ನಮ್ಮ ರಾಣಿಗೂ ಮಡಿಲಕ್ಕಿ ಕಟ್ಟಿ ಕಳಿಸುತ್ತೀರಾ?

ಬೆಳಗಿನ ಸಿಟ್ಟಿಗೆ ನನಗೆ ನಾಚಿಕೆಯಾಗಿ, ಅತ್ತೆಯ ಕಾಲ ಬಳಿ ಕೂತು ಅದನ್ನೆಲ್ಲ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಟಿವಿ ನೋಡುತ್ತಿದ್ದ ಮಗನ ಕಡೆ ತಿರುಗಿದರು.

"ಶ್ರೀನಾಥಾ, ಆ ವಿಮೆ ಆಫೀಸಿನವರಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳೋಕೆ ಹೇಳು. ಇವಳನ್ನ ಬಿಟ್ಟರೆ ನನ್ನ ಹೆಣ್ಣುಮಕ್ಕಳಿಗೆಲ್ಲ ಸೀರೆ ಉಡಿಸೋರು ಯಾರು?"