ನಕ್ಷೆಯಲ್ಲಿಲ್ಲದ ಕೊಳವೆ

ದೊಡ್ಡ ರಸ್ತೆಯ ಗ್ಯಾಸ್ ತಪಾಸಣೆ ಮುಗಿಸಿ, ನೀರು ಕುಡಿಯಲೆಂದು ಗಲ್ಲಿಯ ಟೈಲರಕ್ಕನ ಮೆಟ್ಟಿಲ ಮೇಲೆ ಕೂತಿದ್ದೆ. ಮಡಿಲಲ್ಲಿದ್ದ ಗ್ಯಾಸ್ ಅಳೆಯುವ ಮೀಟರು ತಾನಾಗಿ ಕೂಗಿತು. ಹಾರೆಯಿಂದ ನೆಲಕ್ಕೆ ತೂತು ಹಾಕಿ ಮೀಟರಿನ ನಳಿಕೆ ಇಳಿಸಿದೆ. ಐದು ದಾಟಿದರೇ ಗಾಬರಿಪಡಬೇಕಾದ ಮುಳ್ಳು ನಲವತ್ತಕ್ಕೆ ಹೋಗಿ ನಿಂತಿತು.

ಬಗ್ಗಿ ಮೂಸಿದೆ. ಯಾವ ವಾಸನೆಯೂ ಇಲ್ಲ. ಮಣ್ಣು ಒಮ್ಮೊಮ್ಮೆ ವಾಸನೆಯನ್ನು ಹೀರಿಕೊಂಡು ಗ್ಯಾಸನ್ನಷ್ಟೇ ಮೇಲೆ ಬಿಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಸರಿ, ಆದರೆ ಕಂಪನಿಯ ನಕ್ಷೆ ಬಿಚ್ಚಿ ನೋಡಿದರೆ ಈ ಗಲ್ಲಿಯಲ್ಲಿ ಗ್ಯಾಸ್ ಕೊಳವೆಯೇ ಇಲ್ಲ. ನಕ್ಷೆಯನ್ನು ತಿರುಗಿಸಿ ನೋಡಿದೆ, ನಾನೇ ತಿರುಗಿ ನಿಂತು ನೋಡಿದೆ. ಇಲ್ಲ.

ಒಳಗೆ ಟೈಲರಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚಿಗೆ ಕೈ ಚಾಚಿದ್ದಳು.

"ಅಕ್ಕಾ, ಸ್ವಿಚ್ ಮುಟ್ಟಬೇಡಿ. ಹಾಗೇ ಹೊರಗೆ ಬನ್ನಿ. ನೆಲದಲ್ಲಿ ಗ್ಯಾಸಿದೆ."

"ಏಳು ವರ್ಷ ಅರ್ಜಿ ಹಾಕಿದ್ವಿ ತಂಗಿ. ಗುಡ್ಡದ ಮೇಲಿನ ಸಾಹೇಬರ ಮನೆಗಳಿಗೆ ಮಾತ್ರ ಅಂದ್ರು. ಈಗ ಅರ್ಜಿ ಇಲ್ದೇನೇ ಬಂತಾ?"

"ನಗೋ ಹೊತ್ತಲ್ಲ ಅಕ್ಕ."

"ಅತ್ತೆ ಮಂಚ ಬಿಟ್ಟು ಏಳಲ್ಲ, ಏನ್ಮಾಡ್ಲಿ?"

ಮಂಚ ಸಮೇತ ಎತ್ತಿದೆವು. "ಸತ್ತ ಮೇಲೆ ಎತ್ತೋದನ್ನ ಈಗಲೇ ಎತ್ತುತ್ತಿದ್ದೀರಲ್ಲ ಮಕ್ಕಳಾ," ಎಂದಿತು ಮುದುಕಿ. ಇಪ್ಪತ್ತು ಮನೆಯವರೂ ಗೊಣಗುತ್ತಾ ಹೊರಗೆ ಬಂದರು. ಅವರನ್ನು ದೂರ ನಿಲ್ಲಿಸಿ, ಗಲ್ಲಿ ದಾಟಿದ ಮೇಲೆಯೇ ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ. ಅಲ್ಲಿರುವುದು ನನ್ನ ಭಾವ. ಈ ಗುತ್ತಿಗೆ ಕೆಲಸ ಕೊಡಿಸಿದ್ದೂ ಅವರೇ.

"ಭಾವಾ, ತುರ್ತು ವ್ಯಾನ್ ಕಳಿಸಿ."

"ಕೊಳವೆ ನಂಬರು ಹೇಳು."

"ನಂಬರಿಲ್ಲ. ನಕ್ಷೆಯಲ್ಲಿ ಕೊಳವೆಯೇ ಇಲ್ಲ."

"ಕೊಳವೆ ಇಲ್ದೇ ಗ್ಯಾಸು ಆಕಾಶದಿಂದ ಬರುತ್ತಾ? ನಂಬರ್ ಹಾಕದಿದ್ರೆ ಕಂಪ್ಯೂಟರು ದೂರು ತಗೊಳಲ್ಲ. ಚರಂಡಿ ಗ್ಯಾಸಿರಬೇಕು. ಮೀಟರ್ ರಿಪೇರಿಗೆ ಕೊಡು."

ಭಾವ ಕೆಟ್ಟವರಲ್ಲ. ಅದೇ ನನ್ನ ತಲೆ ಕೆಡಿಸಿತು. ಮೀಟರು ಒಂದು ಹೇಳುತ್ತಿದೆ, ಮೂಗು ಇನ್ನೊಂದು, ನಕ್ಷೆ ಮತ್ತೊಂದು. ಯಾವುದನ್ನು ನಂಬಲಿ? ಇನ್ನೆರಡು ಕಡೆ ತೂತು ಹಾಕಿದೆ. ಮೂವತ್ತೈದು. ನಲವತ್ತೆರಡು. ಮೂರು ತೂತುಗಳೂ ಒಂದೇ ಸಾಲಿನಲ್ಲಿದ್ದವು. ಸಾಲು ಗುಡ್ಡದತ್ತ ನೆಟ್ಟಗೆ ಹೋಗಿತ್ತು.

ಗಲ್ಲಿಯ ಬುಡದಲ್ಲಿ ಗುಡ್ಡದ ಮನೆಗಳಿಗೆ ಗ್ಯಾಸ್ ಬಿಡುವ ವಾಲ್ವು ಇದೆ. ಅಲ್ಲಿಂದ ಕೊಳವೆ ದೊಡ್ಡ ರಸ್ತೆ ಬಳಸಿಕೊಂಡು ಮೇಲೆ ಹೋಗುತ್ತದಂತೆ. ನಕ್ಷೆ ಬರೆದವರು ಹಾಗೆನ್ನುತ್ತಾರೆ. ಹೂಳಿದವರು ಹತ್ತಿರದ ದಾರಿ ಹಿಡಿದಿದ್ದರೆ? ಕೇಳುವವರಿಲ್ಲದ ಜನರ ಹೊಸ್ತಿಲ ಕೆಳಗೆ ಏನು ಹೂಳಿದರೂ ನಡೆಯುತ್ತದೆ. ಅಥವಾ ನನ್ನ ಊಹೆಯೇ ತಪ್ಪೋ? ಆದೇಶವಿಲ್ಲದೆ ವಾಲ್ವು ಮುಟ್ಟಿದರೆ ಕೆಲಸ ಇವತ್ತೇ ಹೋಗುತ್ತದೆ.

ಮುಚ್ಚಳ ಎತ್ತಿ ಕೀಲಿ ಸಿಕ್ಕಿಸಿ, ವಾಲ್ವನ್ನು ಪೂರ್ತಿ ತಿರುಗಿಸಿ ಮುಚ್ಚಿಬಿಟ್ಟೆ.

ಕಾಲು ಗಂಟೆಯಲ್ಲಿ ಭಾವನ ಫೋನು. "ಏನ್ ಮಾಡ್ಬಿಟ್ಟೆ? ಗುಡ್ಡದಲ್ಲಿ ಒಲೆ ಆರಿಹೋಯ್ತು ಅಂತ ಅರವತ್ತು ದೂರು ಬಂದಿದೆ. ಮೂರು ವ್ಯಾನ್ ಹೊರಟಿವೆ."

ಇಪ್ಪತ್ತು ಮನೆಗಳ ಜೀವಕ್ಕೆ ನಂಬರಿರಲಿಲ್ಲ. ಆರಿದ ಒಲೆಗಿತ್ತು.

ವ್ಯಾನಿನಿಂದ ಮೇಸ್ತ್ರಿ ಇಳಿದಾಗ ನಾನು ವಾಲ್ವಿನ ಮುಚ್ಚಳದ ಮೇಲೆ ಕೂತಿದ್ದೆ. "ಮುಚ್ಚಳ ಬಿಟ್ಟು ಪಕ್ಕಕ್ಕೆ ಸರಿ. ತೆರೀಬೇಕು."

"ಮೊದಲು ಅಗೀರಿ. ಅಲ್ಲೀವರೆಗೆ ನಾನು ಏಳಲ್ಲ."

"ಅಗೆಯೋಕೆ ಆದೇಶ ಇಲ್ಲ."

"ಮುಚ್ಚೋಕೂ ಇರಲಿಲ್ಲ."

ಅವನು ನನ್ನ ಮೀಟರನ್ನು ನಂಬದೆ ತನ್ನದನ್ನೇ ನಲವತ್ತೆರಡು ತೋರಿಸಿದ್ದ ತೂತಿಗೆ ಇಳಿಸಿದ. ಮೂವತ್ತೊಂದು. ನೋಡುತ್ತಿದ್ದಂತೆ ಮೂವತ್ತು. ವಾಲ್ವು ಮುಚ್ಚಿದ ಮೇಲೆ ಇಳಿಯುತ್ತಿತ್ತು. ಎದ್ದು ಹೋಗಿ ವ್ಯಾನಿನಿಂದ ಗುದ್ದಲಿ ತಂದ.

ಟೈಲರಕ್ಕ ದೂರದಿಂದಲೇ ಕೂಗಿ ಕೇಳಿದಳು: "ತಂಗೀ, ಒಳಗೆ ಹೋಗಬಹುದಾ?"

"ಗೊತ್ತಿಲ್ಲ ಅಕ್ಕ," ಎಂದೆ. "ಇನ್ನೂ ಗೊತ್ತಿಲ್ಲ. ಅಲ್ಲೇ ಇರಿ."