ಒಂದೇ ಗೂಡಿನ ಬಾಗಿಲು

ಅಣ್ಣ ಮಂಚದಿಂದ ಎದ್ದದ್ದು ಬಾತುಮರಿಗಳಿಗೋಸ್ಕರ, ನಮಗೋಸ್ಕರ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನಾನೂ ಅತ್ತಿಗೆಯೂ ಆಮೇಲೆ ಮಾಡಿದ ಘನಂದಾರಿ ಕೆಲಸಕ್ಕೆ ಅರ್ಥವೇ ಇರುವುದಿಲ್ಲ.

ಅವನು ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ಕಣ್ಣಿನ ನಡುವೆ ಮಸುಕು ಕಟ್ಟಿತು. ಅಂಚಿನಲ್ಲಿ ಕಾಣುತ್ತದೆ, ನೇರ ನೋಡಿದರೆ ಕಾಣುವುದಿಲ್ಲ. ಇದಕ್ಕೆ ಕನ್ನಡಕವೂ ಇಲ್ಲ, ಆಪರೇಷನ್ನೂ ಇಲ್ಲ ಎಂದರು ಡಾಕ್ಟರು. ಡಿಪೋದವರು ಲೈಸೆನ್ಸು ತೆಗೆದುಕೊಂಡ ದಿನ ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಊಟಕ್ಕೆ, ಬಚ್ಚಲಿಗೆ ಬಿಟ್ಟರೆ ಏಳಲಿಲ್ಲ. ಅತ್ತಿಗೆ ಬೇಡಿಕೊಂಡರು, ಬೈದರು, ಅತ್ತರು. ಅದೇ ಮನೆಯ ಹಿಂಭಾಗದಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡಿರುವ ನಾನು ತಂಗಿಯ ಸಲಿಗೆಯಿಂದ ಜಗಳವನ್ನೂ ಆಡಿದೆ. ಗೋಡೆಗೆ ಹೇಳಿದ ಹಾಗಾಯಿತು.

ಆಗ ನನ್ನ ಹತ್ತಿರ ಬಟ್ಟೆ ಹೊಲಿಸುವ ಹೆಂಗಸೊಬ್ಬಳು, ಸಾಕಲು ಜಾಗವಿಲ್ಲವೆಂದು, ನಾಲ್ಕು ಬಾತುಮರಿಗಳನ್ನು ರಟ್ಟಿನ ಡಬ್ಬಿಯಲ್ಲಿ ತಂದು ಕೊಟ್ಟಳು. ಡಬ್ಬಿಯನ್ನು ಅಣ್ಣನ ಕೋಣೆಯ ಬಾಗಿಲಲ್ಲಿಟ್ಟು ಬೇರೆ ಕೆಲಸಕ್ಕೆ ಹೋಗಿದ್ದೆ. ತಿರುಗಿ ಬಂದಾಗ ಅವನು ನೆಲದ ಮೇಲೆ ಕೂತಿದ್ದ. ಮಡಿಲಲ್ಲಿ ಒಂದು ಮರಿ, ಕೈಯಲ್ಲಿ ನೀರಿನ ತಟ್ಟೆ.

"ಇವಕ್ಕೆ ಬಾಯಾರಿದೆ ಕಣೇ, ಅಷ್ಟೂ ಗೊತ್ತಾಗಲ್ವಾ ನಿಂಗೆ," ಎಂದ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡು ನಿಂತುಬಿಟ್ಟರು.

ಹಿತ್ತಲಲ್ಲಿ ಇದ್ದದ್ದು ಒಂದೇ ಗೂಡು, ಅದು ಅತ್ತಿಗೆಯ ಕೋಳಿಗಳದ್ದು. ಅವರು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಉಳಿದ ಕಾಳುಕಡ್ಡಿ ತಿಂದು ಬೆಳೆದ ಕೋಳಿಗಳು, ಒಂದೊಂದಕ್ಕೂ ಒಂದೊಂದು ಗತ್ತು. ಎಲ್ಲದರ ಮೇಲೆ ಅಧಿಕಾರ ನಡೆಸುವ ಬೂದುಬಣ್ಣದ ಹೇಂಟೆಗೆ ನಾವು ಹೆಡ್‌ಮೇಡಂ ಎಂದು ಹೆಸರಿಟ್ಟಿದ್ದೆವು. ಮರಿಗಳು ರೆಕ್ಕೆ ಬಲಿತ ಮೇಲೆ ಅದೇ ಗೂಡು ಸೇರಿದವು. ಕೋಳಿ ಕೇಳಿ ಖಾರ ಅರೀತಾರಾ ಎಂಬಂತೆ ಹೆಡ್‌ಮೇಡಮ್ಮನ್ನು ಯಾರೂ ಕೇಳಲಿಲ್ಲ. ಬಾತುಗಳು ಕುಡಿಯುವ ನೀರಿಗೆ ಕೆಸರು ಕಲೆಸಿದವು, ಒಣಹುಲ್ಲಿನ ಹಾಸಿಗೆಯನ್ನು ಒದ್ದೆ ಮಾಡಿದವು. ಕೋಳಿಗಳು ಕಾಲೆತ್ತಿ ಕಾಲಿಟ್ಟು, ಮೂಗು ಮುರಿಯುತ್ತಾ ಓಡಾಡಿದವು.

ಅಣ್ಣನಿಗೆ ಕೈತುಂಬ ಕೆಲಸ. ಹಳೆಯ ಟಬ್ಬನ್ನು ನೆಲದಲ್ಲಿ ಹೂತು ಕೊಳ ಮಾಡಿದ. ಹತ್ತಿ ಇಳಿಯಲು ಹಲಗೆ ಜೋಡಿಸಿದ. ಒಂದೊಂದು ಮೊಳೆ ಹೊಡೆದಾಗಲೂ ಕೇಳುತ್ತಿದ್ದ, "ನೆಟ್ಟಗಿದ್ಯಾ?"

"ನೆಟ್ಟಗಿದೆ ರೀ," ಎನ್ನುತ್ತಿದ್ದರು ಅತ್ತಿಗೆ.

"ಅಳತೆಪಟ್ಟಿ ಇಟ್ಟ ಹಾಗಿದೆ ಅಣ್ಣ," ಎನ್ನುತ್ತಿದ್ದೆ ನಾನು. ಹಲಗೆ ಎಷ್ಟು ಸೊಟ್ಟಗಿತ್ತೆಂದರೆ ಬಾತುಗಳು ಹತ್ತುವಾಗ ಒಂದು ಪಕ್ಕಕ್ಕೆ ಜಾರುತ್ತಿದ್ದವು. ಆದರೂ ಹೇಳುವ ಮನಸ್ಸು ಯಾರಿಗೆ ಬರುತ್ತದೆ? ಹಲಗೆ ಸೊಟ್ಟಗಿದ್ದರೇನು, ಮನುಷ್ಯ ಎದ್ದು ನಿಂತಿದ್ದ.

ಆಮೇಲೆ ಕೋಳಿಗಳಿಗೆ ಗಾಯವಾಗತೊಡಗಿತು. ಮೊದಲು ಕತ್ತಿನ ಹಿಂದೆ ಪುಕ್ಕ ಉದುರಿತು, ಆಮೇಲೆ ಬೆನ್ನು ಬೋಳಾಯಿತು, ಆಮೇಲೆ ರಕ್ತ. ಬೀದಿಬೆಕ್ಕಿನದೇ ಕೆಲಸವೆಂದು ನಾವು ಮೂವರೂ ನಂಬಿದೆವು. ಒಂದು ಮಧ್ಯಾಹ್ನ ನಾನೂ ಅತ್ತಿಗೆಯೂ ಬಟ್ಟೆ ಒಣಹಾಕುತ್ತಿದ್ದಾಗ, ಬಾತೊಂದು ಹೆಡ್‌ಮೇಡಮ್ಮಿನ ಕತ್ತು ಕಚ್ಚಿ ನೆಲಕ್ಕೆ ಅದುಮಿ ಮೇಲೆ ಹತ್ತಿತು. ಅದು ಇಳಿಯುವ ಮೊದಲೇ ಇನ್ನೊಂದು ಬಂತು. ಅತ್ತಿಗೆ ಒದ್ದೆ ಟವೆಲ್ಲಿನಿಂದಲೇ ಬಾರಿಸಿ ಓಡಿಸಿದರು. ನಾಲ್ಕರಲ್ಲಿ ಮೂರಕ್ಕೆ ಬಾಲದ ತುದಿಯಲ್ಲಿ ಗಂಡುಬಾತಿನ ಗುಂಗುರು ಪುಕ್ಕ ಬಂದಿತ್ತು. ಮೂರು ಗಂಡು, ಒಂದು ಹೆಣ್ಣು. ಅದೊಂದು ಸಾಲದೆ ಉಳಿದ ಲೆಕ್ಕವನ್ನು ಗಂಡುಗಳು ಕೋಳಿಗಳ ಮೇಲೆ ತೀರಿಸಿಕೊಳ್ಳುತ್ತಿದ್ದವು.

"ಬೇಲಿನೇ ಎದ್ದು ಹೊಲ ಮೇಯ್ತಲ್ಲೇ," ಎಂದರು ಅತ್ತಿಗೆ ಮೆಲ್ಲಗೆ.

"ಅಣ್ಣನಿಗೆ ಹೇಳಿಬಿಡೋಣ."

"ಏನಂತ? ನಿಮ್ಮ ಬಾತುಗಳನ್ನ ಕೊಟ್ಟುಬಿಡಿ ಅಂತಾನಾ? ಕೊಟ್ಟ ದಿನವೇ ಹೋಗಿ ಗೋಡೆ ನೋಡ್ಕೊಂಡು ಮಲಗ್ತಾರೆ. ಇನ್ನೊಂದು ಸಲ ಎಬ್ಬಿಸೋಕೆ ನನ್ನ ಕೈಲಿ ಆಗಲ್ಲ ಕಣೇ." ಟವೆಲ್ಲನ್ನು ಮತ್ತೆ ಹಿಂಡಿ ತಂತಿಗೆ ಹಾಕಿದರು. "ಬೆಕ್ಕು ಅಂದ್ಕೊಂಡಿದ್ದಾರೆ. ಬೆಕ್ಕೇ ಆಗಿರಲಿ ಬಿಡು."

ನಾನು ಒಪ್ಪಿದೆ. ಒಪ್ಪಿದ್ದಷ್ಟೇ ಅಲ್ಲ, ರವಿಕೆಯ ಚೂರುಬಟ್ಟೆಗಳನ್ನು ಎರಡು ಪದರ ಮಾಡಿ ಕೋಳಿಗಳಿಗೆ ಜಾಕೀಟು ಹೊಲಿದೆ. ಬೆನ್ನು ಮುಚ್ಚುವಂತೆ, ರೆಕ್ಕೆಯ ಕೆಳಗೆ ಲಾಡಿ ಕಟ್ಟುವಂತೆ. ಹೆಡ್‌ಮೇಡಮ್ಮಿಗೆ ಜರಿ ಅಂಚಿನದು. ಚಳಿಗೆ ಎಂದು ಅಣ್ಣನಿಗೆ ಹೇಳಿದೆವು. ಅವನು ಒಂದೊಂದನ್ನೂ ಹಿಡಿದು ಬಟ್ಟೆ ಸವರಿ ನೋಡಿ, "ನಮ್ಮನೆ ಕೋಳಿಗಳು ಮದುವೆಗೆ ಹೊರಟ ಹಾಗಿವೆ," ಎಂದು ನಕ್ಕ. ಎಷ್ಟೋ ತಿಂಗಳ ಮೇಲೆ ಕೇಳಿದ ನಗು. ಆ ನಗುವಿಗಾಗಿ ಇನ್ನೂ ಹತ್ತು ಸುಳ್ಳು ಹೇಳಲು ನಾನು ತಯಾರಿದ್ದೆ.

ಆದರೆ ಅಣ್ಣ ಸುಮ್ಮನೆ ಕೂರುವವನಲ್ಲ. ಬೆಕ್ಕಿನ ವಿರುದ್ಧ ಯುದ್ಧ ಸಾರಿದ. ಗೂಡಿಗೆ ಹೊಸ ತಂತಿಬಲೆ ತರಿಸಿ ಬಿಗಿದ, ಬಾಗಿಲು ಬದಲಾಯಿಸಿದ, ಸಂದುಗಳಿಗೆಲ್ಲ ಪಟ್ಟಿ ಹೊಡೆದ. ಬೆರಳಿನಿಂದ ಮುಟ್ಟಿ ಮುಟ್ಟಿ ಕೆಲಸ ಮಾಡುತ್ತಿದ್ದ. ಹೆಬ್ಬೆರಳಿಗೆ ಸುತ್ತಿಗೆ ಬಿದ್ದು ಉಗುರು ಕಪ್ಪಾಯಿತು. ಹೊತ್ತು ಮುಳುಗುವ ಮೊದಲೇ ಎಲ್ಲವನ್ನೂ ಒಳಗೆ ಅಟ್ಟಿ ಅಗಳಿ ಹಾಕುತ್ತಿದ್ದ. ಬೆಳಗ್ಗೆ ಬಿಸಿಲೇರಿದ ಮೇಲೇ ತೆಗೆಯುತ್ತಿದ್ದ, ಬೆಕ್ಕು ಹೊಂಚುತ್ತಿದ್ದರೆ ಎಂಬ ಭಯದಿಂದ. ಅವನು ಬಾಗಿಲು ಎಷ್ಟು ಭದ್ರ ಮಾಡಿದನೋ, ಒಳಗಿನ ಕೋಳಿಗಳಿಗೆ ತಪ್ಪಿಸಿಕೊಳ್ಳುವ ದಾರಿ ಅಷ್ಟೂ ಇಲ್ಲವಾಯಿತು.

"ಬಾತುಗಳು ಹೊರಗೇ ಇರಲಿ ಅಣ್ಣ, ಅವಕ್ಕೆ ಸೆಕೆ," ಎಂದೆ ಒಂದು ಸಂಜೆ.

"ಕೋಳಿಗೆ ಜಾಕೀಟು ಹಾಕೋ ಚಳೀಲಿ ಬಾತಿಗೆ ಸೆಕೆನಾ? ಬೆಕ್ಕಿನ ಬಾಯಿಗೆ ಕೊಡ್ಲಾ?"

ನಮ್ಮ ಸುಳ್ಳು ನಮಗೇ ನುಂಗಲಾರದ ಬಿಸಿತುಪ್ಪವಾಯಿತು. ಮೆಷಿನ್ನಿನ ಮುಂದೆ ಕೂತರೂ ಕಿವಿಯೆಲ್ಲ ಹಿತ್ತಲಲ್ಲೇ. ಗೂಡಿನೊಳಗೆ ರೆಕ್ಕೆ ಬಡಿದ ಸದ್ದಾದರೆ ಪೆಡಲ್ ತುಳಿಯುವ ಕಾಲು ನಿಂತುಬಿಡುತ್ತಿತ್ತು. ಒಂದು ಗಿರಾಕಿಯ ರವಿಕೆಗೆ ತೋಳು ತಿರುಗಿಸಿ ಹೊಲಿದು ಬೈಸಿಕೊಂಡೆ. ಅತ್ತಿಗೆ ಕೆಲಸಕ್ಕೆ ಹೋಗುವಾಗ ನನ್ನ ಮುಖ ನೋಡುತ್ತಿದ್ದರು, ನಾನು ಅವರ ಮುಖ ನೋಡುತ್ತಿದ್ದೆ. ಇವತ್ತು ಹೇಳೋಣವೇ ಎಂದು ಇಬ್ಬರಿಗೂ ಅನ್ನಿಸುತ್ತಿತ್ತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು, ಅದೂ ಇಲ್ಲದ ಬೆಕ್ಕಿಗೆ.

ಒಂದು ಬೆಳಗ್ಗೆ ಅಣ್ಣ ಬಾಗಿಲು ತೆಗೆದಾಗ ಹೆಡ್‌ಮೇಡಂ ಹೊರಗೆ ಬರಲಿಲ್ಲ. ಮೂಲೆಯಲ್ಲಿ ಮುದುರಿ ಸತ್ತು ಬಿದ್ದಿತ್ತು. ಜರಿಯ ಜಾಕೀಟು ಹರಿದಿತ್ತು, ಕತ್ತಿನ ಹಿಂದೆ ಚರ್ಮವೇ ಇರಲಿಲ್ಲ.

ಅಣ್ಣ ಅದನ್ನು ಎತ್ತಿ ಅತ್ತಿಗೆಯ ಕೈಗೆ ಕೊಟ್ಟ. ಆಮೇಲೆ ಗೂಡಿನ ಸುತ್ತ ಮಂಡಿಯೂರಿ, ತಂತಿಬಲೆಯ ಕಣ್ಣು ಕಣ್ಣಿಗೂ ಬೆರಳಾಡಿಸುತ್ತಾ ಹೋದ. ಒಂದು ಸುತ್ತು ಮುಗಿದ ಮೇಲೆ ಮತ್ತೆ ಮೊದಲಿನಿಂದ. ತಿಂಡಿಗೆ ಕರೆದರೆ ಓಗೊಡಲಿಲ್ಲ. ಮೊಳಕೈ ತರಚಿ ರಕ್ತ ಬಂದಿತ್ತು.

"ಎಲ್ಲೋ ತೂತು ಬಿಟ್ಟಿದೀನಿ," ಎಂದ ಕೊನೆಗೆ. "ಸಿಕ್ತಾ ಇಲ್ಲ. ಕಾಣ್ತಾ ಇಲ್ಲ ನಂಗೆ."

ಎದ್ದು ಕೈ ಒರೆಸಿಕೊಂಡು ಒಳಗೆ ಹೋದ. ಮಂಚ ಕಿರುಗುಟ್ಟಿದ್ದು ಕೇಳಿಸಿತು. ನಾವು ಇಣುಕಿ ನೋಡಿದಾಗ ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

ಯಾವುದಾಗಬಾರದೆಂದು ಇಷ್ಟೆಲ್ಲ ಮಾಡಿದ್ದೆವೋ ಅದೇ ಆಯಿತು, ನಮ್ಮ ಕೈಯಿಂದಲೇ ಆಯಿತು. ಅತ್ತಿಗೆ ಸತ್ತ ಕೋಳಿಯನ್ನು ಹಿಡಿದುಕೊಂಡೇ ಒಳಗೆ ನಡೆದು ಮಂಚದ ಅಂಚಿನಲ್ಲಿ ಕೂತರು.

"ನೀವು ತೂತು ಬಿಟ್ಟಿಲ್ಲ. ಬೆಕ್ಕೂ ಇಲ್ಲ, ಏನೂ ಇಲ್ಲ," ಎಂದರು. "ನಿಮ್ಮ ಬಾತುಗಳೇ ಕೊಂದಿದ್ದು. ಮೂರು ಗಂಡು ಅವು. ನಂಗೆ ಗೊತ್ತಿತ್ತು. ಇವಳಿಗೂ ಗೊತ್ತಿತ್ತು."

ಅಣ್ಣ ಗೋಡೆಗೇ ಕೇಳಿದ, "ಗೊತ್ತಿದ್ದೂ ನನ್ನ ಕೈಲಿ ಬಾಗಿಲು ಮಾಡಿಸಿದ್ಯಾ?"

"ಹೂಂ."

"ಜಾಕೀಟು?"

"ಚಳಿಗಲ್ಲ. ಗಾಯ ಮುಚ್ಚೋಕೆ."

ಆಮೇಲೆ ಅವನು ಕೇಳಿದ್ದನ್ನು ನಾನು ನೆನೆಸಿಯೇ ಇರಲಿಲ್ಲ.

"ಆ ಟಬ್ಬಿನ ಹಲಗೆ. ನೆಟ್ಟಗಿದ್ಯಾ?"

ಬೇಡ ಅತ್ತಿಗೆ, ಇದೊಂದನ್ನು ಬಿಟ್ಟುಬಿಡಿ ಎಂದು ನಾನು ಬಾಗಿಲಲ್ಲಿ ತಲೆಯಾಡಿಸಿದೆ. ಅತ್ತಿಗೆ ನನ್ನ ಕಡೆ ನೋಡಲಿಲ್ಲ.

"ಇಲ್ಲ ರೀ. ಪೂರ್ತಿ ಸೊಟ್ಟ. ಬಾತುಗಳು ಜಾರಿ ಬೀಳ್ತವೆ."

"ಮತ್ತೆ ಹೇಳಲಿಲ್ಲ."

"ಹೇಳಿದ್ರೆ ಮತ್ತೆ ಮಲಗಿಬಿಡ್ತೀರಿ ಅಂತ ಭಯ."

ಅತ್ತಿಗೆ ಹೋಗಿ ಹಿತ್ತಲ ಮೂಲೆಯಲ್ಲಿ ಗುಂಡಿ ತೋಡಿ ಹೆಡ್‌ಮೇಡಮ್ಮನ್ನು ಹೂತರು, ಕೆಲಸಕ್ಕೆ ಹೋಗಲಿಲ್ಲ. ನಾನು ಮೆಷಿನ್ನಿನ ಮುಂದೆ ಕೂತೆ, ಸೂಜಿಗೆ ದಾರ ಪೋಣಿಸಲೂ ಆಗಲಿಲ್ಲ. ಮಧ್ಯಾಹ್ನದ ಊಟ ಮೂರು ತಟ್ಟೆಯಲ್ಲೂ ಆರಿತು.

ಬಿಸಿಲು ಇಳಿಯುವ ಹೊತ್ತಿಗೆ ಹಿತ್ತಲಲ್ಲಿ ಗರಗಸದ ಸದ್ದಾಯಿತು. ಓಡಿ ಹೋಗಿ ನೋಡಿದರೆ ಅಣ್ಣ ಗೂಡಿನ ಮುಂದೆ ಕೂತು ಮರದ ಪಟ್ಟಿ ಕೊಯ್ಯುತ್ತಿದ್ದ. ಮುಖ ಗಂಟಿಕ್ಕಿಕೊಂಡೇ ಇತ್ತು.

"ನಡುವೆ ಅಡ್ಡ ಹಾಕ್ತೀನಿ," ಎಂದ, ಯಾರಿಗೆಂದಲ್ಲ. "ಆ ಮೂರು ಪುಂಡರು ಒಂದು ಕಡೆ ಇರಲಿ. ಹೆಣ್ಣು ಬಾತು ನಮ್ಮ ಕೋಳಿಗಳ ಜೊತೆಗಿರಲಿ, ಅದಕ್ಕೂ ಸಾಕಾಗಿರುತ್ತೆ. ಆ ಕಡೆಗೆ ಬೇರೆ ಬಾಗಿಲು."

ಅತ್ತಿಗೆ ಬಂದು ಪಟ್ಟಿ ಹಿಡಿದುಕೊಂಡರು. ಅವನು ಬೆರಳಿನಿಂದ ಜಾಗ ಗುರುತು ಮಾಡಿ ಮೊಳೆ ಹೊಡೆದ. ಸುತ್ತಿಗೆ ಕೆಳಗಿಟ್ಟ. ಮುಂದಿನ ಮಾತು ಏನೆಂದು ನನಗೆ ಗೊತ್ತಿತ್ತು.

"ನೆಟ್ಟಗಿದ್ಯಾ?"

ಅತ್ತಿಗೆ ಎರಡು ಹೆಜ್ಜೆ ಹಿಂದೆ ಸರಿದು, ತಲೆ ವಾಲಿಸಿ ನೋಡಿದರು. ಅವರ ಕೈ ಸೆರಗನ್ನು ಹಿಂಡುತ್ತಿತ್ತು.

"ಇಲ್ಲ," ಎಂದರು. "ಎಡಗಡೆ ಒಂದು ಬೆರಳಷ್ಟು ಇಳಿದಿದೆ."

ಅಣ್ಣ ಸುತ್ತಿಗೆ ಎತ್ತಿಕೊಂಡ. ತಿರುಗಿಸಿ, ಅದರ ಹಿಂಬದಿಯಿಂದ ಮೊಳೆ ಕಿತ್ತ. ಪಟ್ಟಿಯ ಎಡತುದಿಯನ್ನು ಮೇಲಕ್ಕೆ ಸರಿಸಿದ.

"ಈಗ?"

"ಇನ್ನೊಂಚೂರು."