ತಲೆಯ ಮೇಲೆ ಹಾದುಹೋಗುವ ತಟ್ಟೆ

ಚರ್ಚಿನಲ್ಲಿ ಹಾಸ್ಟೆಲ್ ಮಕ್ಕಳ ಬೆಂಚು ಹಿಂದಿನಿಂದ ಎರಡನೆಯದು. ಕಾಣಿಕೆಯ ತಟ್ಟೆ ಮುಂದಿನ ಬೆಂಚುಗಳಲ್ಲಿ ಕೈಯಿಂದ ಕೈಗೆ ಸಾಗುತ್ತ ಬಂದು, ಇವರ ಹತ್ತಿರ ಬಂದ ಕೂಡಲೇ ಸಭಾಹಿರಿಯರ ಕೈ ಸೇರುತ್ತಿತ್ತು. ಅವರು ಅದನ್ನು ಮಕ್ಕಳ ತಲೆಯ ಮೇಲಿಂದ ಎತ್ತಿ ಕಟ್ಟಕಡೆಯ ಬೆಂಚಿಗೆ ದಾಟಿಸುತ್ತಿದ್ದರು. ಪಾಪ, ಆ ಮಕ್ಕಳ ಹತ್ತಿರ ಏನಿರುತ್ತದೆ, ಸುಮ್ಮನೆ ಮುಜುಗರ ಯಾಕೆ ಎಂಬ ಕರುಣೆ. ತಟ್ಟೆಯ ಅಂಚು ತಾಗೀತೆಂದು ಹನ್ನೊಂದು ಹುಡುಗಿಯರೂ ಒಟ್ಟಿಗೆ ತಲೆ ತಗ್ಗಿಸುತ್ತಿದ್ದರು. ಎಷ್ಟು ಭಕ್ತಿಯಿಂದ ಪ್ರಾರ್ಥನೆ ಮಾಡುತ್ತವೆ ನೋಡಿ ಎಂದು ಹೊಸದಾಗಿ ಬಂದವರು ಮೆಚ್ಚಿಕೊಳ್ಳುತ್ತಿದ್ದರು.

ಬೆಂಚಿನ ತುದಿಯಲ್ಲಿ ಕೂರುವ ವಾರ್ಡನ್‌ಳನ್ನು ಮಕ್ಕಳು ಅಕ್ಕ ಎನ್ನುತ್ತಿದ್ದರು. ಅಕ್ಕನಿಗೆ ನಲವತ್ತಾರು ವರ್ಷ. ಅವಳೂ ಇದೇ ಬೆಂಚಿನಲ್ಲಿ ತಲೆ ತಗ್ಗಿಸಿಯೇ ಬೆಳೆದವಳು. ಈಗ ಸಂಬಳವೇನೋ ಬರುತ್ತಿತ್ತು, ಆದರೆ ಅವಳ ಕಾಣಿಕೆಯನ್ನು ಆಫೀಸಿನವರು ಅದರಲ್ಲೇ ಮುರಿದುಕೊಳ್ಳುತ್ತಿದ್ದರು. ಹೀಗಾಗಿ ಆ ತಟ್ಟೆಯನ್ನು ಅವಳು ಈವರೆಗೆ ಮುಟ್ಟಿದ್ದೇ ಇಲ್ಲ. ಅದರೊಳಗೆ ಹಾಸಿದ ಕೆಂಪು ಮಖಮಲ್ಲು ಮೆತ್ತಗಿದೆಯೋ ಒರಟೋ ಎಂಬುದೂ ಗೊತ್ತಿರಲಿಲ್ಲ. ಕೇಳಿದರೆ ನಗುತ್ತಾರೆಂದು ಯಾರನ್ನೂ ಕೇಳಿರಲಿಲ್ಲ.

ಶನಿವಾರ ವಂದನಾಪತ್ರದ ದಿನ. ಅಕ್ಕ ಬೋರ್ಡಿನ ಮೇಲೆ ಬರೆಯುವಳು, ಮಕ್ಕಳು ನಕಲು ಮಾಡುವರು, ಪತ್ರಗಳು ಬಟ್ಟೆ ಕಳಿಸಿದ, ಪುಸ್ತಕ ಕಳಿಸಿದ ದೂರದ ಮನೆಗಳಿಗೆ ಹೋಗುವವು. ಆ ಶನಿವಾರ ಬರೆಯುವ ಮೊದಲು ಅವಳು ಬಡ ವಿಧವೆಯ ಕಥೆ ಹೇಳಿದಳು. ದೇವಾಲಯದ ಪೆಟ್ಟಿಗೆಗೆ ಉಳ್ಳವರು ಸದ್ದು ಮಾಡುತ್ತ ಹಣ ಸುರಿಯುತ್ತಿದ್ದಾಗ ಆಕೆ ಎರಡೇ ಕಾಸು ಹಾಕಿದಳಂತೆ, ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಇವಳೇ ಎಂದು ಯೇಸು ತೋರಿಸಿದನಂತೆ.

ಕೈ ಎತ್ತಿದವಳು ಎಂಟು ವರ್ಷದ ವಕೀಲಮ್ಮ. ಊಟ, ಸ್ನಾನ, ನಿದ್ದೆ ಎಲ್ಲಕ್ಕೂ ವಾದ ಹೂಡುತ್ತಾಳೆಂದು ಅಡುಗೆಯಾಕೆ ಇಟ್ಟ ಹೆಸರದು.

"ಅಕ್ಕ, ಬಡವಳು ನೀನು, ಬೇಡ ಹೋಗು ಅಂತ ಅವಳನ್ನ ಯಾರೂ ತಡೀಲಿಲ್ವಾ?"

"ಇಲ್ವೇ."

"ಹಾಗಾದ್ರೆ ಅವಳು ಹಾಸ್ಟೆಲ್‌ನವಳಲ್ಲ ಬಿಡಿ."

ಮಕ್ಕಳು ಹೋ ಎಂದು ನಕ್ಕರು. ಅಕ್ಕನೂ ನಕ್ಕಳು. ಆದರೆ 'ನಿಮ್ಮ ದಯೆಗೆ ನಾವು ಚಿರಋಣಿಗಳು' ಎಂದು ಬರೆಯುವಾಗ ಸೀಮೆಸುಣ್ಣ ಎರಡು ಸಲ ಮುರಿಯಿತು.

ಕೊಡುವುದನ್ನು ಮುಂದಿನ ಬೆಂಚಿನ ಮಕ್ಕಳಿಗೆ ಕಲಿಸುತ್ತಾರೆ. ತಟ್ಟೆ ಹತ್ತಿರ ಬಂದಾಗ ಅಪ್ಪಂದಿರು ಆ ಪುಟ್ಟ ಕೈಗಳಿಗೆ ನೋಟು ತುರುಕುತ್ತಾರೆ. ವಂದನೆ ಹೇಳುವುದನ್ನು ಹಿಂದಿನ ಬೆಂಚಿಗೆ ಕಲಿಸುತ್ತಾರೆ. ಒಂದೇ ಸುವಾರ್ತೆಯನ್ನು ಹೀಗೆ ಕುಯ್ದು, ಒಬ್ಬರಿಗೆ ಕೈಯನ್ನೂ ಇನ್ನೊಬ್ಬರಿಗೆ ಬರೀ ನಾಲಿಗೆಯನ್ನೂ ಹಂಚಿದವರು ಯಾರು? ಹತ್ತು ವರ್ಷದವಳಿದ್ದಾಗ ಅಕ್ಕ, ತನಗೆ ಫ್ರಾಕು ಕಳಿಸುತ್ತಿದ್ದ ಹೆಂಗಸಿಗೆ ಒಂದು ಕರವಸ್ತ್ರಕ್ಕೆ ಅಂಚು ಹೊಲಿದು ಪತ್ರದ ಜೊತೆ ಕಳಿಸಿದ್ದಳು. ಇಂಥದ್ದೆಲ್ಲ ಬೇಡ ಮಗು, ನೀನು ಚೆನ್ನಾಗಿ ಓದಿದರೆ ಸಾಕು ಎಂಬ ಚೀಟಿಯೊಂದಿಗೆ ಅದು ವಾಪಸು ಬಂದಿತ್ತು. ಅಷ್ಟು ವರ್ಷಗಳಲ್ಲಿ ಯಾರಾದರೂ ಒಮ್ಮೆ, ಒಂದೇ ಒಂದು ಸಲ, ನೀನು ಕೊಟ್ಟದ್ದು ಬಂತು ಕಣಮ್ಮ ಎಂದಿದ್ದರೆ!

ಭಾನುವಾರದ ತಿಂಡಿಗೆ ಬೇಯಿಸಿದ ಮೊಟ್ಟೆ. ವಾರಕ್ಕೊಂದೇ. ವಕೀಲಮ್ಮ ತನ್ನದನ್ನು ಸುಲಿಯಲೇ ಇಲ್ಲ. ಹೊಟ್ಟೆ ನೋವೇನೋ ಎಂದುಕೊಂಡು ಅಕ್ಕ ಸುಮ್ಮನಾದಳು.

ಚರ್ಚಿನಲ್ಲಿ ಕಾಣಿಕೆಯ ಹಾಡು ಶುರುವಾಯಿತು. ಸಭಾಹಿರಿಯರು ತಟ್ಟೆ ಎತ್ತಿದರು. ಹತ್ತು ತಲೆ ತಗ್ಗಿದವು, ಒಂದು ತಗ್ಗಲಿಲ್ಲ. ವಕೀಲಮ್ಮ ಎದ್ದು ನಿಂತು, ಅಂಕಲ್ ಒಂದ್ನಿಮಿಷ ಎಂದು, ತುದಿಗಾಲಲ್ಲಿ ಕೈ ಚಾಚಿ ಜೇಬಿನ ಮೊಟ್ಟೆಯನ್ನು ತಟ್ಟೆಯಲ್ಲಿಟ್ಟಳು. ಅದು ನೋಟುಗಳ ಮೇಲೆ ಉರುಳಿ ಅಂಚಿಗೆ ಬಂದು ನಿಂತಿತು. ಮುಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಹಿರಿಯರು ಕೆಟ್ಟವರಲ್ಲ. ಅವರಿಗೆ ನಿಜಕ್ಕೂ ಅಯ್ಯೋ ಅನ್ನಿಸಿತ್ತು.

"ನೀನೇ ತಿನ್ನು ಪುಟ್ಟಿ. ದೇವರಿಗೇನು ಕಮ್ಮಿ ಆಗಿದೆ?" ಎಂದು ಮೊಟ್ಟೆಯನ್ನು ಮರಳಿ ಅವಳ ಕೈಗಿಟ್ಟರು.

"ಕಮ್ಮಿ ಆಗಿದೆ ಅಂತ ಅಲ್ಲ ಅಂಕಲ್. ನಂಗೆ ಕೊಡಬೇಕು ಅನ್ಸಿದೆ."

ಹಿರಿಯರ ಕಣ್ಣು ಆಗಲೇ ಕಟ್ಟಕಡೆಯ ಬೆಂಚಿನ ಮೇಲಿತ್ತು. ವಕೀಲಮ್ಮನ ವಾದ ಅಲ್ಲಿಗೇ ಮುಗಿಯಿತು. ಅವಳು ಕುಳಿತಳು. ಕೊಟ್ಟದ್ದು ವಾಪಸು ಬಂದ ಕೈ ಹೇಗಿರುತ್ತದೆಂದು ಅಕ್ಕನಿಗೆ ಗೊತ್ತಿತ್ತು: ಮುಚ್ಚಲೂ ಆಗುವುದಿಲ್ಲ, ತೆರೆಯಲೂ ಆಗುವುದಿಲ್ಲ.

ಅಕ್ಕ ಎದ್ದಳು.

"ಸಾರ್, ತಟ್ಟೆ ಇಲ್ಲಿ ಕೊಡಿ."

"ಸಿಸ್ಟರ್, ಹಾಡು ಮುಗೀತಾ ಬಂತು."

"ನಮ್ಮ ಬೆಂಚು ಇನ್ನೂ ಆಗಿಲ್ಲ."

ಅವರು ಕೊಟ್ಟರು ಎನ್ನುವುದಕ್ಕಿಂತ ಅವಳು ತೆಗೆದುಕೊಂಡಳು ಎನ್ನಬೇಕು. ತಟ್ಟೆ ತೂಕವಾಗಿತ್ತು. ಪಕ್ಕದವಳಿಗೆ ದಾಟಿಸಿದ ಮೇಲೆ, ಹಾಕಲು ತನ್ನ ಕೈಯಲ್ಲಿ ಏನೂ ಇರಲಿಲ್ಲ ಎಂಬುದು ಅವಳಿಗೆ ಹೊಳೆಯಿತು. ವಕೀಲಮ್ಮ ಮೊಟ್ಟೆ ಇಟ್ಟಳು, ಈ ಸಲ ಉರುಳದಂತೆ ನೋಟು ಸರಿಸಿ. ಒಬ್ಬಳು ಕೂದಲಿನ ಕ್ಲಿಪ್ಪು ಹಾಕಿದಳು, ತೆಗೆದಳು, ಕಣ್ಣು ಮುಚ್ಚಿ ಮತ್ತೆ ಹಾಕಿದಳು. ಏನೂ ಇಲ್ಲದವರು ತಟ್ಟೆಯನ್ನು ತುಸು ಹೊತ್ತು ಹಿಡಿದುಕೊಂಡು ಮುಂದೆ ಕೊಟ್ಟರು. ಹಾಡಿನ ಚರಣಗಳು ಮುಗಿದವು. ಆರ್ಗನ್ ನುಡಿಸುವಾಕೆ ಹಿಂತಿರುಗಿ ನೋಡಿ ಮೊದಲ ಚರಣವನ್ನೇ ಮತ್ತೆ ಶುರು ಮಾಡಿದಳು.

ಬೆಂಚಿನ ಆ ತುದಿಯಲ್ಲಿ ಐದು ವರ್ಷದವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ತೋಳುಗಳಿಂದ ತಬ್ಬಿದಳು. ಮುಂದೆ ಕೊಡುವ ಆತುರವೇ ಅವಳಿಗಿರಲಿಲ್ಲ. ಹಿರಿಯರು ಅವಳ ಮುಂದೆ ಕೈ ಚಾಚಿಕೊಂಡು ನಿಂತಿದ್ದರು. ಕೊಡು ಎಂದು ಹೇಳಮ್ಮ ಎಂಬಂತೆ ಅಕ್ಕನತ್ತ ನೋಡಿದರು.

ಅಕ್ಕ ಹೇಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದುಕೊಂಡಳು.